ಕಂದೀಲು ಕವಿಯ ಮೊಮ್ಮಗ

ಸುಳ್ಳು ಹೇಳುವವನು ಒಂದು ಸುಳ್ಳು ಹೇಳಿ ಸುಮ್ಮನಾಗಬೇಕು. ನೀರು ಸರಬರಾಜು ಕಚೇರಿಯ ಮೀಟರ್ ಗುಮಾಸ್ತನಿಗೆ ಅಷ್ಟು ಸಂಯಮ ಇರಲಿಲ್ಲ. ಇಲ್ಲದ ಕವಿಯೊಬ್ಬನನ್ನು ಹುಟ್ಟಿಸಿದ, ತಾನೇ ಸಾಯಿಸಿದ, ಅಲ್ಲಿಗಾದರೂ ಬಿಟ್ಟನೇ? "ಪಾಪ, ಮದುವೇನೂ ಆಗಿರಲಿಲ್ಲವಂತೆ, ಹಿಂದೆ ಮುಂದೆ ಯಾರೂ ಇಲ್ಲ" ಎಂದು ಮೇಲೊಂದು ಒಗ್ಗರಣೆ ಹಾಕಿದ. ಆ ಒಗ್ಗರಣೆಯೇ ಕೊನೆಗೆ ಅವನ ಮುಖಕ್ಕೆ ಸಿಡಿಯಿತು.

ಹಾಗೆ ನೋಡಿದರೆ ಅವನು ಕೆಟ್ಟವನಲ್ಲ. ಹಗಲೆಲ್ಲ ಊರಿನ ನಲ್ಲಿ ಮೀಟರುಗಳ ಅಂಕಿ ಬರೆಯುತ್ತಿದ್ದ, ಬಿಡುವಾದಾಗ ನಾಟಕ ಬರೆಯುತ್ತಿದ್ದ. ಕಚೇರಿಯಲ್ಲಿ ನೌಕರರದೇ ಒಂದು ನಾಟಕ ಸಂಘವಿತ್ತು. ವರ್ಷಕ್ಕೊಂದು ನಾಟಕ. ಅದರಲ್ಲಿ ಇವನ ಪಾತ್ರ ಒಂದೇ, ಪರದೆಯ ಹಿಂದೆ ನಿಂತು ನಟರು ಮರೆತ ಮಾತನ್ನು ಎತ್ತಿಕೊಡುವುದು. ಪ್ರತಿ ವರ್ಷವೂ ತನ್ನದೊಂದು ನಾಟಕವನ್ನು ಸಂಘದ ಅಧ್ಯಕ್ಷರಾದ ಹೆಡ್ ಗುಮಾಸ್ತರ ಮೇಜಿನ ಮೇಲೆ ಇಡುತ್ತಿದ್ದ. ಅವರು ಪ್ರತಿ ವರ್ಷವೂ ಅದನ್ನು ಬಿಚ್ಚದೆಯೇ ವಾಪಸು ಕೊಡುತ್ತಿದ್ದರು.

"ಬರವಣಿಗೆ ಬಗ್ಗೆ ನನ್ನ ತಕರಾರಿಲ್ಲ ಕಣಯ್ಯ. ನೀನಿನ್ನೂ ಬದುಕಿದ್ದೀಯಲ್ಲ, ಅದೇ ತೊಂದರೆ."

ಇದು ತಮಾಷೆಯ ಮಾತಲ್ಲ, ಸಂಘದ ನಿಯಮ. ಹಿಂದೊಮ್ಮೆ ಬದುಕಿದ್ದ ನಾಟಕಕಾರರೊಬ್ಬರ ನಾಟಕ ಆಡಿದ್ದರು. ಆ ಮಹಾರಾಯರು ಮುಂದಿನ ಸಾಲಿನಲ್ಲೇ ಬಂದು ಕೂತು, ನಟರು ಒಂದೊಂದು ಮಾತು ತಪ್ಪಿದಾಗಲೂ ಎದ್ದು ನಿಂತು "ಅದು ನನ್ನ ಪುಸ್ತಕದಲ್ಲಿಲ್ಲ" ಎಂದು ಸಾರಿದ್ದರು. ಜನ ನಾಟಕಕ್ಕಿಂತ ಅವರನ್ನೇ ನೋಡಿ ನಕ್ಕು ಮನೆಗೆ ಹೋಗಿದ್ದರು. ಅಂದಿನಿಂದ ಹೆಡ್ ಗುಮಾಸ್ತರು ಸತ್ತವರನ್ನು ಬಿಟ್ಟು ಬೇರೆಯವರ ನಾಟಕ ಮುಟ್ಟುತ್ತಿರಲಿಲ್ಲ. ಬರೀ ಸತ್ತರೂ ಸಾಲದು, ಸತ್ತು ಕಾನೂನು ಹೇಳಿದಷ್ಟು ಕಾಲ ಆಗಿರಬೇಕು, ಹಕ್ಕೆಲ್ಲ ಮುಗಿದು ನಾಟಕ ಊರೊಟ್ಟಿನ ಸ್ವತ್ತಾಗಿರಬೇಕು.

"ಅದು ಮೀಟರಿಲ್ಲದ ನಲ್ಲಿ ಇದ್ದ ಹಾಗೆ" ಎನ್ನುತ್ತಿದ್ದರು. "ಯಾರು ಬೇಕಾದ್ರೂ ಕೊಡ ಇಡಬಹುದು, ಎಷ್ಟು ಬೇಕಾದ್ರೂ ಹಿಡೀಬಹುದು."

ಈ ವರ್ಷ ಗುಮಾಸ್ತನಿಗೆ ತಾಳ್ಮೆ ಕೆಟ್ಟಿತು. 'ಎರಡು ಬೀಗ' ಎಂಬ ತನ್ನ ಹೊಸ ನಾಟಕದ ಮೇಲೆ ಯಾರ ಹೆಸರು ಬರೆಯುವುದೆಂದು ಯೋಚಿಸುತ್ತಿದ್ದಾಗ ಕರೆಂಟು ಹೋಯಿತು. ಹೆಂಡತಿ ಕಂದೀಲು ತಂದಿಟ್ಟಳು. 'ಕಂದೀಲು ಕವಿ' ಎಂದು ಬರೆದ. ಮರುದಿನ ಹೆಡ್ ಗುಮಾಸ್ತರಿಗೆ, ರದ್ದಿ ಅಂಗಡಿಯಲ್ಲಿ ಸಿಕ್ಕಿತು, ಗೆದ್ದಲು ತಿಂದಿತ್ತು, ನಾನೇ ನಕಲು ಮಾಡಿದೆ, ಕವಿ ತೀರಿಕೊಂಡು ಯಾವ ಕಾಲವೋ ಆಯಿತು ಎಂದೆಲ್ಲ ಹೇಳಿದ. ಮದುವೆಯ ಒಗ್ಗರಣೆ ಬಿದ್ದದ್ದೂ ಆಗಲೇ. ಅವರು ಕೂತಲ್ಲೇ ಓದಿ ಮುಗಿಸಿ, ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಹಳಬರು ಹಳಬರೇ ಕಣಯ್ಯ" ಎಂದರು.

ನಿಜ ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೆ. ನಾಟಕದ ದಿನ ಬೆಳಿಗ್ಗೆ ಅವನು ಅವಳಿಗೆ ಮತ್ತೊಮ್ಮೆ ಪಾಠ ಹೇಳಿಕೊಟ್ಟ.

"ನಾಟಕ ಮುಗಿಯೋವರೆಗೂ ಯಾರು ಕೇಳಿದ್ರೂ ರದ್ದಿ ಅಂಗಡೀಲಿ ಸಿಕ್ತು ಅಂತಾನೇ ಹೇಳ್ಬೇಕು. ದೇವರೇ ಬಂದು ಕೇಳಿದ್ರೂ ಅಷ್ಟೇ."

"ನೀವೇ ಬಂದು ಕೇಳಿದ್ರೆ?"

"ನಾನ್ ಕೇಳಿದ್ರೂ ಅಷ್ಟೇ. ಪರದೆ ಬಿದ್ದ ಮೇಲೆ ನಾನೇ ವೇದಿಕೆಗೆ ಹೋಗಿ, ಬರೆದದ್ದು ನಾನು ಅಂತ ಹೇಳ್ತೀನಿ. ನಿಮ್ಮಪ್ಪ ಮುಂದಿನ ಸಾಲಲ್ಲೇ ಕೂತಿರಬೇಕು."

ಅವನ ಆಸೆಯೆಲ್ಲ ಅಲ್ಲೇ ಇತ್ತು. ಮಾವ ನಿವೃತ್ತ ಮೇಷ್ಟ್ರು, ಗೋಡೆಯಾಚೆಗಿನ ಮನೆಯಲ್ಲೇ ವಾಸ. ಅಳಿಯನ ಬರವಣಿಗೆಯನ್ನು ಅವರು 'ಕಾಗದದ ಖರ್ಚು' ಎಂದು ಕರೆಯುತ್ತಿದ್ದರು. ಒಂದು ಸಲ, ಒಂದೇ ಒಂದು ಸಲ, ಆ ಬಾಯಿಂದ 'ಭೇಷ್' ಎನ್ನಿಸಿಕೊಂಡರೆ ಅವನಿಗೆ ಜನ್ಮಕ್ಕೆ ಸಾಕಾಗಿತ್ತು.

ಅಷ್ಟರಲ್ಲಿ ಮಾವನೇ ಕರಪತ್ರ ಹಿಡಿದುಕೊಂಡು ಒಳಗೆ ಬಂದರು.

"ಅಳಿಯಂದಿರೇ, ಕಂದೀಲು ಕವಿ ನಾಟಕ ಆಡ್ತಿದ್ದೀರಂತೆ. ಒಳ್ಳೇ ಆಯ್ಕೆ."

ಗುಮಾಸ್ತ ಕಾಫಿ ಲೋಟ ಕೆಳಗಿಟ್ಟ. "ನಿಮಗೆ ಗೊತ್ತಾ ಅವರು?"

"ಗೊತ್ತಾ ಅಂದ್ರೆ? ಮೂರು ತಲೆಮಾರಿನ ಹುಡುಗರಿಗೆ ಪಾಠ ಮಾಡಿದ್ದೀನಿ." ಓದಿಲ್ಲ ಎಂದು ಒಪ್ಪಿಕೊಳ್ಳುವುದು ಮೇಷ್ಟ್ರ ಜಾತಕದಲ್ಲೇ ಇರಲಿಲ್ಲ. "ಪಾಪ, ಉಬ್ಬಸದ ಮನುಷ್ಯ. ಇಬ್ಬರು ಹೆಂಡಿರ ಕೈಲಿ ಸಿಕ್ಕಿ ಹಣ್ಣಾಗಿ ಹೋದ್ರು."

"ಮದುವೇನೇ ಆಗಿರಲಿಲ್ಲ ಅಂತ..."

"ಯಾರು ಹೇಳಿದ್ದು? ಸುಮ್ನಿರಿ. ನಿಮಗೆ ಓದಿನ ಗಂಧ ಇಲ್ಲ."

ತಾನು ಹೆತ್ತ ಕವಿಗೆ ಮಾವ ಇಬ್ಬರು ಹೆಂಡಿರನ್ನು ಕಟ್ಟಿದ್ದನ್ನು ನೋಡಿ ಗುಮಾಸ್ತ ಕಣ್ಣು ಕಣ್ಣು ಬಿಟ್ಟ. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಓಡಿದಳು.

ಕಚೇರಿಯ ಸಭಾಂಗಣದಲ್ಲಿ ಕೊನೆಯ ತಾಲೀಮು ನಡೆಯುತ್ತಿತ್ತು. 'ಎರಡು ಬೀಗ' ಅಣ್ಣತಮ್ಮಂದಿರ ಕತೆ. ಅಪ್ಪನ ಮನೆಗಾಗಿ ಜಗಳವಾಡಿ, ಒಂದೇ ಬಾಗಿಲಿಗೆ ಇಬ್ಬರೂ ಒಂದೊಂದು ಬೀಗ ಜಡಿದುಬಿಡುತ್ತಾರೆ. ಒಬ್ಬನೇ ಬಂದರೆ ಯಾರಿಗೂ ಒಳಗೆ ಹೋಗಲಾಗದು. ಎರಡು ಅಂಕ ನಗು. ಮೂರನೆಯದರಲ್ಲಿ ಮುದುಕರಾದ ಇಬ್ಬರೂ ಬಾಗಿಲ ಮುಂದೆ ಎದುರಾಗುತ್ತಾರೆ. ಮಾತಿಲ್ಲದೆ ಬಹಳ ಹೊತ್ತು ನಿಂತು, ಜೇಬಿನಿಂದ ಒಬ್ಬೊಬ್ಬರೇ ಬೀಗದ ಕೈ ತೆಗೆಯುತ್ತಾರೆ. ಗುಮಾಸ್ತನಿಗೆ ಅದು ಪ್ರಾಣ. ಅವನಿಗೂ ಒಬ್ಬ ತಮ್ಮನಿದ್ದ, ಮಾತು ಬಿಟ್ಟು ಬಹಳ ಕಾಲವಾಗಿತ್ತು.

ಇವನು ಹೋಗುವ ಹೊತ್ತಿಗೆ ಅತ್ತಿಗೆಯ ಪಾತ್ರದ ಟೈಪಿಸ್ಟ್ ಮೇಡಂ ಹಾಡು ಹೇಳುತ್ತಿದ್ದರು. ನಾಟಕದಲ್ಲಿ ಹಾಡೇ ಇರಲಿಲ್ಲ.

"ಇದೆಲ್ಲಿತ್ತು ಮೇಡಂ?"

"ಈಗ ಸೇರಿಸ್ಕೊಂಡೆ. ಹಕ್ಕು ಮುಗಿದಿದೆಯಲ್ಲ, ಯಾರು ಕೇಳ್ತಾರೆ?"

ತಮ್ಮನ ಪಾತ್ರದ ಟ್ಯಾಂಕರ್ ಡ್ರೈವರು ತೋಳು ಮಡಿಸಿಕೊಳ್ಳುತ್ತ ಬಂದ. "ನಾನೂ ಒಂದು ಫೈಟ್ ಇಟ್ಕೊಂಡಿದ್ದೀನಿ. ಬರೀ ಬೀಗ ಹಿಡ್ಕೊಂಡು ನಿಂತ್ರೆ ನಮ್ಮ ಏರಿಯಾದ ಜನಕ್ಕೆ ಏನ್ ಹೇಳ್ಲಿ?"

ಗುಮಾಸ್ತ ಹೆಡ್ ಗುಮಾಸ್ತರ ಕಡೆ ನೋಡಿದ. ಅವರು ಕೆಂಪು ಪೆನ್ಸಿಲ್ ಹಿಡಿದು ಮೂರನೇ ಅಂಕದ ಮೇಲೆ ಅಡ್ಡಗೆರೆ ಎಳೆಯುತ್ತಿದ್ದರು.

"ಸಾರ್, ಅದನ್ನ ಮಾತ್ರ ತೆಗೀಬೇಡಿ ಸಾರ್. ಅದೇ ನಾಟಕದ ಜೀವ."

"ಜೀವ ಅಂತೀಯ, ಒಬ್ಬನೂ ಬಾಯೇ ಬಿಡಲ್ವಲ್ಲಯ್ಯ. ಹಾಡು, ಫೈಟು, ಮಂಗಳ. ಮುಗೀತು."

"ಬರೆದೋರ ಆತ್ಮ ನೊಂದುಕೊಳ್ಳತ್ತೆ ಸಾರ್."

"ಹಿಂದೆ ಮುಂದೆ ಯಾರೂ ಇಲ್ಲ ಅಂದೋನು ನೀನೇ ಅಲ್ವಾ? ಯಾರಪ್ಪನ ಗಂಟು ಹೋಗತ್ತೆ ಇದರಲ್ಲಿ?"

ತನ್ನಪ್ಪನ ಗಂಟೇ ಹೋಗುತ್ತಿದೆ ಎಂದು ಹೇಳುವಂತಿರಲಿಲ್ಲ. ಮೀಟರಿಲ್ಲದ ನಲ್ಲಿಗೆ ಊರೆಲ್ಲ ಕೊಡ ಇಟ್ಟಿತ್ತು, ಕೆಳಗೆ ಬತ್ತುತ್ತಿದ್ದದ್ದು ಇವನೊಬ್ಬನ ಟ್ಯಾಂಕು.

ಆಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ಕಚೇರಿಯ ಗೇಟಿನ ಪಕ್ಕದ ಪುಟ್ಟ ಗೂಡಂಗಡಿಯಲ್ಲಿ ಕೂತು ವಾಚು ರಿಪೇರಿ ಮಾಡುವವನು. ದಿನವೂ ಕಾಣುವ ಆಸಾಮಿಯೇ. ಇವತ್ತು ಮಾತ್ರ ಇಸ್ತ್ರಿ ಮಾಡಿದ ಕೋಟು ಹಾಕಿ, ತಲೆ ಬಾಚಿ, ಕರಪತ್ರವನ್ನು ಎದೆಗೊತ್ತಿಕೊಂಡು ನಿಂತಿದ್ದ.

"ಸಾರ್, ಈ ಕಂದೀಲು ಕವಿ ಅಂದ್ರೆ ನಮ್ಮ ತಾತ" ಎಂದ.

ಹೆಡ್ ಗುಮಾಸ್ತರ ಕೈಯಿಂದ ಪೆನ್ಸಿಲ್ ಜಾರಿತು. ಗುಮಾಸ್ತ ಮುಂದೆ ಬಂದು ಕೇಳಿದ. "ಕವಿ ಬ್ರಹ್ಮಚಾರಿ ಕಣಯ್ಯ. ಬ್ರಹ್ಮಚಾರಿಗೆ ಮೊಮ್ಮಗ ಎಲ್ಲಿಂದ ಬಂದ?"

"ತಮ್ಮನ ಕಡೆಯಿಂದ" ಎಂದ ವಾಚಿನವನು, ರೆಪ್ಪೆ ಕೂಡ ಅಲ್ಲಾಡಿಸದೆ. "ನಮ್ಮ ತಾತನ ಸ್ವಂತ ಅಣ್ಣ ಅವರು. ಸ್ವಂತ ಮಕ್ಕಳು ಇಲ್ಲ ಅಂತ ನಮ್ಮಪ್ಪನನ್ನೇ ಎತ್ತಿ ಆಡಿಸಿದ್ರು."

"ಹಾಗಾದ್ರೆ ಹಕ್ಕು?" ಹೆಡ್ ಗುಮಾಸ್ತರ ದನಿ ಕೀರಲಾಗಿತ್ತು. ಮುಂದಿನ ಸಾಲಿನಲ್ಲಿ ಎದ್ದು ನಿಲ್ಲುವ ಮತ್ತೊಬ್ಬ ಮಹಾರಾಯ ಅವರ ಕಣ್ಣ ಮುಂದೆ ಬಂದಿದ್ದ.

"ಹಕ್ಕೆಲ್ಲ ಯಾವತ್ತೋ ಮುಗೀತು ಸಾರ್. ನಾಟಕ ಈಗ ಎಲ್ಲರದ್ದು. ನನಗೆ ಮುಂದಿನ ಸಾಲಲ್ಲಿ ಒಂದು ಕುರ್ಚಿ ಸಾಕು. ಆಮೇಲೆ, ತಾತನ ಮಾತು ಒಂದೂ ಬಿಡಬಾರದು, ಹೊಸದು ಸೇರಿಸಬಾರದು. ಮೂರನೇ ಅಂಕ ಪೂರ್ತಿ ಬರಬೇಕು."

"ಹಕ್ಕೇ ಇಲ್ಲ ಅಂದ್ಮೇಲೆ ಇದನ್ನ ಕೇಳೋಕೆ ನೀನ್ಯಾರಯ್ಯ?"

"ನಾನ್ಯಾರೂ ಅಲ್ಲ ಸಾರ್. ನಿಮ್ಮ ದೊಡ್ಡ ಸಾಹೇಬರ ವಾಚು ನನ್ನ ಹತ್ರಾನೇ ರಿಪೇರಿಗೆ ಬರತ್ತೆ, ಅಷ್ಟೇ."

ಹೆಡ್ ಗುಮಾಸ್ತರು ರಬ್ಬರ್ ತೆಗೆದುಕೊಂಡು ಅಡ್ಡಗೆರೆ ಅಳಿಸತೊಡಗಿದರು. ಹಾಡು ಹೋಯಿತು, ಫೈಟು ಹೋಯಿತು. ಗುಮಾಸ್ತನಿಗೆ ಆ ಕಳ್ಳನನ್ನು ತಬ್ಬಿಕೊಳ್ಳಬೇಕೋ ಕತ್ತು ಹಿಡಿದು ಆಚೆ ದಬ್ಬಬೇಕೋ ತಿಳಿಯಲಿಲ್ಲ. ಆದರೆ ಹೆಡ್ ಗುಮಾಸ್ತರು ಅಷ್ಟಕ್ಕೆ ನಿಲ್ಲಿಸುವವರಲ್ಲ. ಯಾರನ್ನಾದರೂ ಒಲಿಸಿಕೊಳ್ಳಬೇಕಾದರೆ ಅವರು ಪೂರ್ತಿ ಒಲಿಸಿಕೊಳ್ಳುತ್ತಿದ್ದರು.

"ನಾಟಕ ಮುಗಿದ ತಕ್ಷಣ ಇವರನ್ನ ವೇದಿಕೆಗೆ ಕರೆದು ಸಾಹೇಬರ ಕೈಲಿ ಹೂಗುಚ್ಛ ಕೊಡಿಸೋಣ. ಕವಿಗಳ ವಂಶಸ್ಥರು ಅಂತ ಹೇಳೋಣ."

ಅದು ತನ್ನ ಗಳಿಗೆ. ವರ್ಷಗಟ್ಟಲೆ ಪರದೆಯ ಹಿಂದೆ ನಿಂತು ಕಾದಿದ್ದ ಗಳಿಗೆ. ಗುಮಾಸ್ತನಿಗೆ ಇನ್ನು ತಡೆಯಲಾಗಲಿಲ್ಲ.

"ಸಾರ್, ಕಂದೀಲು ಕವಿ ಅಂತ ಯಾರೂ ಇಲ್ಲ. ಇದನ್ನ ಬರೆದದ್ದು ನಾನು."

ಟೈಪಿಸ್ಟ್ ಮೇಡಂ "ಥೂ" ಎಂದರು.

"ಅಲ್ಲಯ್ಯ" ಹೆಡ್ ಗುಮಾಸ್ತರ ದನಿಯಲ್ಲಿ ಕೋಪಕ್ಕಿಂತ ನೋವೇ ಹೆಚ್ಚಿತ್ತು. "ಹಳೇ ನಾಟಕ ಯಾರು ಬೇಕಾದ್ರೂ ಆಡಬಹುದು, ತಿದ್ದಬಹುದು, ಅಚ್ಚು ಹಾಕಿಸಬಹುದು. ಬರೆದವನ ಹೆಸರು ಅಳಿಸಿ ತನ್ನ ಹೆಸರು ಹಾಕ್ಕೊಳ್ಳೋದು ಮಾತ್ರ ಹಲ್ಕಾ ಕೆಲಸ. ಮೊಮ್ಮಗನ ಎದುರಿಗೇ ಹೀಗಂತೀಯಲ್ಲ, ನಾಚಿಕೆ ಆಗಲ್ವ?"

ಮೊಮ್ಮಗ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡ.

"ಸಾರ್, ಎರಡನೇ ಅಂಕ ನೋಡಿ. 'ಕುಕ್ಕರ್ ಕೂಗಲಿ, ಆಮೇಲೆ ಜಗಳ ಆಡೋಣ' ಅಂತ ಅತ್ತಿಗೆ ಹೇಳ್ತಾಳೆ. ಯಾವ ಕಾಲದಲ್ಲೋ ಸತ್ತ ಕವಿಗೆ ಕುಕ್ಕರ್ ಎಲ್ಲಿಂದ ಗೊತ್ತು?"

ಇದು ನಾಟುವ ಮಾತಾಗಿತ್ತು. ಹೆಡ್ ಗುಮಾಸ್ತರು ಹುಬ್ಬು ಗಂಟಿಕ್ಕಿ ಪುಟ ತಿರುವಿದರು. ಅಷ್ಟರಲ್ಲಿ ಬೇಗ ಬಂದು ಒಳ್ಳೆಯ ಜಾಗ ಹಿಡಿಯೋಣವೆಂದು ಮಗಳನ್ನೂ ಕರೆದುಕೊಂಡು ಮಾವ ಒಳಗೆ ಕಾಲಿಟ್ಟರು. ಸಂಗತಿ ಕೇಳಿ ಅವರ ಮುಖ ಅರಳಿತು. ಇಂಥ ಪ್ರಶ್ನೆಗಾಗಿಯೇ ನಿವೃತ್ತಿಯ ನಂತರ ಕಾಯುತ್ತಿದ್ದವರಂತಿದ್ದರು.

"ಅದಕ್ಕೇ ಅವರನ್ನ ದೊಡ್ಡ ಕವಿ ಅನ್ನೋದು. ಕಾಲಕ್ಕಿಂತ ಮುಂದಿದ್ರು. ನಮಗೆ ಈಗ ಕೇಳಿಸೋ ಕುಕ್ಕರು ಅವರಿಗೆ ಆಗಲೇ ಕೇಳಿಸಿತ್ತು."

"ಮಾವ, ನಾನೇ ಬರೆದದ್ದು ಮಾವ."

"ನನಗೆ ಹೇಳ್ಬೇಡಿ. ನಾಟಕ ನನಗೆ ಬಾಯಿಪಾಠ." ಎಂದವರೇ ಮೇಷ್ಟ್ರು ಕಣ್ಣು ಮುಚ್ಚಿ ಮೊದಲ ಅಂಕದ ಅಣ್ಣನ ಮಾತುಗಳನ್ನು ಒಂದೂ ಬಿಡದೆ ಒಪ್ಪಿಸಿದರು. ಬರೆಯುವಾಗ ಗುಮಾಸ್ತ ಆ ಮಾತುಗಳನ್ನು ಹೆಂಡತಿಗೆ ಎಷ್ಟೋ ಸಲ ಗಟ್ಟಿಯಾಗಿ ಓದಿ ಹೇಳಿದ್ದ. ಗೋಡೆಯಾಚೆ ಕೂತು ಕೇಳಿದ್ದನ್ನು ಮಾವ ಯಾವುದೋ ಕಾಲದ ಓದೆಂದು ಪ್ರಾಮಾಣಿಕವಾಗಿಯೇ ನಂಬಿದ್ದರು.

ಸಭಾಂಗಣ ಚಪ್ಪಾಳೆ ತಟ್ಟಿತು. ಮುಳುಗುತ್ತಿದ್ದ ಗುಮಾಸ್ತ ಹೆಂಡತಿಯ ಕಡೆ ತಿರುಗಿದ.

"ಇವಳನ್ನ ಕೇಳಿ. ಇವಳಿಗೆ ಎಲ್ಲಾ ಗೊತ್ತು. ಹೇಳೇ, ಈ ನಾಟಕ ಎಲ್ಲಿಂದ ಬಂತು?"

ಹೆಂಡತಿ ಗಂಡನ ಮುಖ ನೋಡಿದಳು. ಬೆಳಿಗ್ಗೆ ಕೊಟ್ಟ ಮಾತು ನೆನಪಾಯಿತು. ತನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆಂದು ಅವಳಿಗೆ ಖಾತ್ರಿಯಾಯಿತು. ಸೆರಗು ಸರಿಮಾಡಿಕೊಂಡು ಸ್ಪಷ್ಟವಾಗಿ ಹೇಳಿದಳು.

"ರದ್ದಿ ಅಂಗಡೀಲಿ ಸಿಕ್ಕಿದ್ದು."

ಹೇಳಿ, ಹೇಗಿತ್ತು ಎಂಬಂತೆ ಗಂಡನನ್ನು ನೋಡಿ ಮುಗುಳ್ನಕ್ಕಳು. ಗುಮಾಸ್ತ ಇಂಗು ತಿಂದ ಮಂಗನಂತೆ ಪರದೆಯ ಹಿಂದಿನ ತನ್ನ ಜಾಗಕ್ಕೆ ಹೋಗಿ ನಿಂತ.

ಸಂಜೆ ಸಭಾಂಗಣ ತುಂಬಿತ್ತು. ನಾಟಕ ಯಾರೂ ಎಣಿಸದಷ್ಟು ಚೆನ್ನಾಗಿ ಆಯಿತು. ಕುಕ್ಕರಿನ ಮಾತಿಗೆ ಜನ ಬೆಂಚು ಬಡಿದರು. ಮೂರನೇ ಅಂಕದಲ್ಲಿ ಇಬ್ಬರು ಮುದುಕರೂ ಬಾಗಿಲ ಮುಂದೆ ಮಾತಿಲ್ಲದೆ ನಿಂತಾಗ ಒಂದು ಮಗು ಕೂಡ ಕೆಮ್ಮಲಿಲ್ಲ. ಎತ್ತಿಕೊಡಲು ಮಾತಿಲ್ಲದ್ದರಿಂದ ಗುಮಾಸ್ತ ಪರದೆಯ ಸಂದಿನಿಂದ ಜನರನ್ನೇ ನೋಡುತ್ತಿದ್ದ. ಮೊದಲ ಬೀಗ ತೆರೆದ ಸದ್ದಾಯಿತು. ಮುಂದಿನ ಸಾಲಿನಲ್ಲಿ ಮಾವ ಅಳುತ್ತಿದ್ದರು. ಇವನಿಗೂ ಅಳು ಬಂತು. ತಾನು ಬರೆದದ್ದಕ್ಕೆ ಮಾವ ಅಳುತ್ತಿದ್ದಾರೆ. ಅದಕ್ಕಿಂತ ದೊಡ್ಡ ಸುಖ ಬದುಕಿನಲ್ಲಿ ಅವನಿಗೆ ಸಿಕ್ಕಿರಲಿಲ್ಲ.

ಪರದೆ ಬಿತ್ತು. ಏನಾದರಾಗಲಿ ಎಂದು ಗುಮಾಸ್ತ ಧೈರ್ಯ ಮಾಡಿ ವೇದಿಕೆಗೆ ನುಗ್ಗುವಷ್ಟರಲ್ಲಿ ಮಾವ ಮೈಕ್ ಹಿಡಿದಾಗಿತ್ತು. ಕಂದೀಲು ಕವಿಯ ಉಬ್ಬಸದಿಂದ ಶುರುಮಾಡಿ ಇಬ್ಬರು ಹೆಂಡಿರವರೆಗೆ ಹೋಗಿ, ಪಕ್ಕದಲ್ಲಿ ಹೂಗುಚ್ಛ ಹಿಡಿದಿದ್ದ ಮೊಮ್ಮಗನ ಹೆಗಲ ಮೇಲೆ ಕೈಯಿಟ್ಟರು.

"ಭೇಷ್ ಅಂದ್ರೆ ಇದು, ಭೇಷ್" ಎಂದರು. "ಈಗಿನೋರೂ ಬರೀತಾರೆ. ನಮ್ಮ ಮನೇಲೇ ಒಬ್ಬರಿದ್ದಾರೆ. ಇಂಥದ್ದನ್ನ ನೋಡಿ ಕಲೀಬೇಕು."

ಆ 'ಭೇಷ್' ಗುಮಾಸ್ತನನ್ನು ಸವರಿಕೊಂಡೇ ಹೋಗಿ ವಾಚಿನವನ ಕೋಟಿನ ಮೇಲೆ ಕೂತಿತು.

ವೇದಿಕೆಯಿಂದ ಇಳಿದ ಅಪ್ಪನನ್ನು ಮಗಳು ತಡೆದಳು. ಕೊಟ್ಟ ಮಾತಿನ ಅವಧಿ ಮುಗಿದಿತ್ತಲ್ಲ. "ಅಪ್ಪಾ, ಅದನ್ನ ಬರೆದದ್ದು ಇವರೇ."

ಮೇಷ್ಟ್ರು ಅವಳ ತಲೆ ಸವರಿದರು. "ಗಂಡನ ಮೇಲೆ ಅಭಿಮಾನ ಇರಬೇಕಮ್ಮ. ಆದ್ರೆ ಇಷ್ಟು ಇರಬಾರದು."

ಬಣ್ಣದ ಕೋಣೆಗೆ ದೊಡ್ಡ ಸಾಹೇಬರು ಖುದ್ದಾಗಿ ಬಂದರು. ಖುಷಿಯಲ್ಲಿದ್ದರು. ಹೆಡ್ ಗುಮಾಸ್ತರು ನಗುತ್ತ, "ನಮ್ಮ ಮೀಟರ್ ಗುಮಾಸ್ತನೂ ನಾಟಕ ಬರೀತಾನೆ ಸಾರ್" ಎಂದು ಚುಚ್ಚಿದರು.

ಸಾಹೇಬರು ಚುಚ್ಚು ಮಾತು ತಿಳಿಯದಷ್ಟು ಒಳ್ಳೆಯವರು. "ಹೌದೇನ್ರಿ? ಎಲ್ಲಿ ತೋರಿಸಿ. ಚೆನ್ನಾಗಿದ್ರೆ ಮುಂದಿನ ವರ್ಷ ಅದನ್ನೇ ಆಡೋಣ. ಬದುಕಿರೋರಿಗೂ ಒಂದು ಅವಕಾಶ ಬೇಡವಾ?"

ಗುಮಾಸ್ತನ ಚೀಲದಲ್ಲಿ ಹೊಸದೊಂದು ನಾಟಕ ಇದ್ದೇ ಇತ್ತು. ಮೇಲೆ ದಪ್ಪ ಅಕ್ಷರದಲ್ಲಿ ಅವನದೇ ಹೆಸರು. ತೆಗೆದುಕೊಟ್ಟ. ಸಾಹೇಬರು ನಿಂತಲ್ಲೇ ಮೊದಲ ಪುಟ ಓದಿ ನಕ್ಕರು. ಎರಡನೆಯದಕ್ಕೆ ಇನ್ನೂ ಜೋರಾಗಿ ನಕ್ಕರು. ಮೂರನೆಯ ಪುಟಕ್ಕೆ ಬಂದಾಗ ನಗು ನಿಂತಿತು. ಹಾಳೆಗಳನ್ನು ಜೋಡಿಸಿ, ಬೇರೆಯವರಿಗೆ ಕೇಳಿಸದಂತೆ ಅವನನ್ನು ಮೂಲೆಗೆ ಕರೆದರು.

"ಕೈ ಪಳಗಿದೆ. ಆದ್ರೆ ಕಂದೀಲು ಕವಿಯ ಶೈಲೀನ ಪೂರ್ತಿ ಎತ್ತಿಬಿಟ್ಟಿದ್ದೀರಲ್ರೀ. ಅದೇ ಮಾತಿನ ವರಸೆ, ಅದೇ ಅತ್ತಿಗೆ. ಹಕ್ಕು ಮುಗಿದಿರಬಹುದು, ಹಾಗಂತ ಇಷ್ಟು ರಾಜಾರೋಷವಾಗಿ ಮಾಡಿದ್ರೆ ಜನ ಏನಂತಾರೆ? ನಿಮ್ಮದೇ ಆದದ್ದು ಏನಾದ್ರೂ ಬರೀರಿ."

ಬೆನ್ನು ತಟ್ಟಿ ಹೊರಟುಹೋದರು. ಗುಮಾಸ್ತ ಆ ಹಾಳೆಗಳನ್ನು ಹಿಡಿದುಕೊಂಡು ಗೇಟಿನ ಹತ್ತಿರ ಬಂದಾಗ ವಾಚಿನವನು ಗೂಡಂಗಡಿಯ ಮುಂದಿನ ಕಲ್ಲುಬೆಂಚಿನ ಮೇಲೆ ಕೂತಿದ್ದ. ಹೂಗುಚ್ಛ ಪಕ್ಕದಲ್ಲಿತ್ತು.

"ಬನ್ನಿ ಸಾರ್, ಕೂತ್ಕೊಳ್ಳಿ. ದಿನಾ ಊಟದ ಹೊತ್ತಲ್ಲಿ ಕೂತು ಬರೀತಿದ್ದ ಜಾಗಾನೇ ಅಲ್ವಾ?"

ಗುಮಾಸ್ತ ಬೆಚ್ಚಿ ನೋಡಿದ.

"ಬರೀತಾ ಬರೀತಾ ಗಟ್ಟಿಯಾಗಿ ಮಾತಾಡ್ಕೋತೀರ ನೀವು. ಅಣ್ಣನ ದನಿ ಒಂದು, ತಮ್ಮನ ದನಿ ಒಂದು. ಮೂರನೇ ಅಂಕ ಬರೆದ ದಿನ ನಾನು ಸಾಹೇಬರ ವಾಚಿನ ಮುಳ್ಳು ಮುರಿದುಬಿಟ್ಟೆ."

"ಎಲ್ಲಾ ಗೊತ್ತಿದ್ದೂ ಹೀಗೆ ಮಾಡಿದ್ಯಾ?"

"ಪ್ರತಿ ವರ್ಷ ನಾಟಕಾನ ಕಿಟಕಿಯಿಂದ ನೋಡ್ತೀನಿ ಸಾರ್. ನೌಕರರಿಗೆ, ಅವರ ಮನೆಯವರಿಗೆ ಮಾತ್ರ ಕುರ್ಚಿ. ಈ ನಾಟಕಾನ ಕೂತು ನೋಡ್ಬೇಕು ಅನ್ನಿಸ್ತು. ನೀವು ನಿಮ್ಮ ಹೆಸರು ಬಿಸಾಕಿದ್ರಿ, ಬಿದ್ದಿದ್ದ ಕವೀನ ನಾನು ತಾತ ಅಂದೆ. ನಿಮ್ಮಿಂದ ನಾನೇನೂ ಕಿತ್ಕೊಂಡಿಲ್ಲ."

ಗುಮಾಸ್ತನಿಗೆ ಬೈಯಲು ಮನಸ್ಸು ಬರಲಿಲ್ಲ. ಮೂರನೇ ಅಂಕ ಉಳಿದದ್ದು ಇವನಿಂದ, ಮಾವ ಅತ್ತದ್ದೂ ಇವನಿಂದಲೇ. ವಾಚಿನವನು ಅವನ ಕೈಯಲ್ಲಿದ್ದ ಹಾಳೆಗಳನ್ನು ಮೆಲ್ಲಗೆ ತೆಗೆದುಕೊಂಡ.

"ಇದನ್ನ ಸಾಹೇಬರು ಬೇಡ ಅಂದ್ರಂತೆ, ಹೋಗ್ತಾ ಅವರೇ ಹೇಳಿದ್ರು. ನಾನು ಅವರಿಗೆ, ತಾತನ ಪೆಟ್ಟಿಗೆ ತುಂಬ ನಾಟಕ ಇದೆ ಅಂತ ಹೇಳಿಬಿಟ್ಟಿದ್ದೀನಿ. ಮುಂದಿನ ವರ್ಷ ಇದೇ ಪೆಟ್ಟಿಗೇಲಿ ಸಿಗತ್ತೆ. ಸಾಹೇಬರು ಗುರುತು ಹಿಡಿದ್ರೂ, ಅದು ಮೂಲ, ನಿಮ್ಮದು ನಕಲು ಅಂದ್ಕೋತಾರೆ. ಕಣ್ಣಿಗೊತ್ತಿಕೊಂಡು ಆಡ್ತಾರೆ."

"ನನ್ನ ಹೆಸರು?"

"ಮೇಲಿನ ಹಾಳೆ ಒಂದು ತೆಗೆದ್ರಾಯ್ತು."

ಗುಮಾಸ್ತನ ಕಣ್ಣ ಮುಂದೆ ತುಂಬಿದ ಸಭಾಂಗಣ ಬಂತು, ಕುಕ್ಕರಿನ ನಗು ಬಂತು, ಮುಂದಿನ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಮಾವ ಬಂದರು. ಕೈ ಚಾಚಿ ಮೇಲಿನ ಹಾಳೆಯನ್ನು ತಾನೇ ಹರಿದು ಜೇಬಿಗಿಟ್ಟುಕೊಂಡ. ಬೀದಿಯ ತಿರುವಿನಲ್ಲಿ ಹೆಂಡತಿ ಕಾಯುತ್ತಿದ್ದಳು. ಅತ್ತ ನಡೆದ.

ವಾಚಿನವನು ಬೀದಿ ದೀಪದ ಕೆಳಗೆ, ವಾಚು ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಹಾಳೆಗಳನ್ನು ತಿರುವುತ್ತಿದ್ದ. ಗುಮಾಸ್ತ ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಹಿಂದಿನಿಂದ ಕರೆದ.

"ಸಾರ್, ಇದರ ಮೂರನೇ ಅಂಕ ಸ್ವಲ್ಪ ಉದ್ದ ಆಯ್ತು ಅನ್ಸತ್ತೆ. ನಮ್ಮ ತಾತ ಆಗಿದ್ರೆ ಇಷ್ಟು ಎಳೀತಿರಲಿಲ್ಲ."